ಕೊರಮೀನಿನ ಕೆರೆ ಯಾವುದು?

ಬಳ್ಳಾರಿಯಲ್ಲಿ ಹೊಸದಾಗಿ ರಾಡು, ರೀಲು ಕೊಂಡವರ ಕಣ್ಣು ಮೊದಲು ಹೋಗುವುದು ದೊಡ್ಡ ನೀರಿನ ಮೇಲೆ: ಅಲ್ಲೀಪುರದ ಕೆರೆ, ಮೋಕಾದ ಕೆರೆ. ಎರಡೂ ಊರಿಗೆ ಕುಡಿಯುವ ನೀರು ಕೊಡುವಂಥವು. ಆ ಕಡೆ ಗಾಳ ಒಯ್ಯುವ ಮಾತೇ ಬೇಡ. ಬೇಟೆಗಾರ ಮೀನು ಬೇಕೆನ್ನುವವರಿಗೆ ಬಟ್ಟಬಯಲಿನಂಥ ನೀರಿನಿಂದ ಆಗುವುದೂ ಅಷ್ಟಕ್ಕಷ್ಟೇ. ಅಮೆರಿಕದವರು ಮಸ್ಕಿ ಮೀನಿಗಾಗಿ ಕೆರೆ ಕೆರೆ ಅಲೆಯುತ್ತಾರಲ್ಲ, ನಮ್ಮಲ್ಲಿ ಆ ಜಾಗ ಕೊರಮೀನಿನದು. ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತು, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂದರೆ ಒಮ್ಮೆಲೇ ಎರಗುವ ಜಾತಿ.

ಹಾಗಾಗಿ ನನ್ನ ಓಟು ಕೆಸರಿಗೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಕುರುಗೋಡು, ಸಿರುಗುಪ್ಪ ಸೀಮೆಯ ಭತ್ತಕ್ಕೆ ನೀರುಣಿಸಿದ ಮೇಲೆ, ಗದ್ದೆಯಿಂದ ಬಸಿದದ್ದು ಹಳ್ಳದಲ್ಲಿ, ಊರ ಹಿಂದಿನ ಕುಂಟೆಗಳಲ್ಲಿ ನಿಲ್ಲುತ್ತದೆ. ಅಲ್ಲಿ ಬೇರೆ ಮೀನಿಗೆ ಉಸಿರುಗಟ್ಟಿದರೂ ಕೊರಮೀನಿಗೆ ಚಿಂತೆಯಿಲ್ಲ, ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಅದು ಸಿಕ್ಕಿಬೀಳುವುದೂ ಇಲ್ಲೇ. ಗಾಳಿಯಾಡದ ಬೆಳಗಿನ ಹೊತ್ತು ದಂಡೆಯ ಮೇಲೆ ಸುಮ್ಮನೆ ಕೂತು ನೋಡಿ. ಕಟ್ಲಾ, ರೋಹು ಎದ್ದರೆ ನೀರು ಚಿಮ್ಮುತ್ತದೆ. ಕೊರಮೀನಾದರೆ ಅಂತರಗಂಗೆಯ ಸಂದಿಯಲ್ಲಿ 'ಗುಳುಕ್' ಎಂಬ ಸದ್ದು, ಒಂದೆರಡು ಗುಳ್ಳೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಅಲ್ಲೇ ಆಸುಪಾಸಿನಲ್ಲಿ ಮತ್ತೆ ಕೇಳಿಸಿತೆನ್ನಿ, ಕೆರೆ ಸಿಕ್ಕಿತೆಂದೇ ಲೆಕ್ಕ. ರಬ್ಬರ್ ಕಪ್ಪೆಯನ್ನು ಆ ಸಂದಿಯಾಚೆ ಎಸೆದು, ಎಲೆಗಳ ಮೇಲೆ ಜಾರಿಸಿ ತಂದು, ನೀರಿಗಿಳಿಸುವ ಮುನ್ನ ತುಸು ತಡೆಯಿರಿ. ಬಡಿದ ಕೂಡಲೇ ರಾಡು ಕಿತ್ತವನಿಗೆ ಕಪ್ಪೆಯಷ್ಟೇ ವಾಪಸು. ದಾರ ಬಿಗಿಯಲಿ, ಆಮೇಲೆ ಎಳೆಯಿರಿ.

ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ನೀರ ಮೇಲೆ ಮಿಜಿಗುಡುತ್ತಿರುತ್ತದೆ. ಅದರಡಿ ಕಾವಲಿರುವ ತಾಯಿತಂದೆ ಹಸಿವಿಲ್ಲದಿದ್ದರೂ ಏನು ಬಿದ್ದರೂ ಕಚ್ಚುತ್ತವೆ. ಅವನ್ನು ಹಿಡಿದು ಫೋಟೊಕ್ಕೆ ಮೀಸೆ ತಿರುವುವವರನ್ನು ನಾನಂತೂ ಗಾಳದವರ ಸಾಲಿಗೆ ಸೇರಿಸುವುದಿಲ್ಲ.

ಈ ಹುಚ್ಚೇನು ಹೊಸದಲ್ಲ. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಗಾಳದ ಬೇಟೆಗೆಂದು 'ಮತ್ಸ್ಯವಿನೋದ'ವನ್ನು ಸೇರಿಸಿದ. ಮೀನಿನ ಜಾತಿ, ಅವಕ್ಕೆ ಹಾಕುವ ಮೇವು ಎಲ್ಲವೂ ಅದರಲ್ಲಿದೆ. ರಬ್ಬರ್ ಕಪ್ಪೆಯೊಂದು ಪಾಪ, ದೊರೆಗೆ ದಕ್ಕಲಿಲ್ಲ.

ನದಿಯೇ ಬೇಕೆನ್ನುವವರಿಗೆ ತುಂಗಭದ್ರೆಯಲ್ಲಿ ಬಾಳೆಮೀನು ಉಂಟು. ಆದರೆ ಸಿರುಗುಪ್ಪದಿಂದ ಮೇಲೆ, ಮುದ್ಲಾಪುರ–ಕಂಪ್ಲಿ ನಡುವಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿನ ಮೀನು ಅವುಗಳ ಪಾಲಿಗಿರಲಿ.

ಕೆರೆಗೂ ಕೇಳದೆ ಇಳಿಯಬೇಡಿ. ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಹೇಳಿ ಹೋದರೆ ತಕರಾರು ಕಡಿಮೆ: ಕಟ್ಲಾ ಮರಿ ಬಿಟ್ಟವರಿಗೆ ಆ ಮರಿಗಳನ್ನೇ ನುಂಗುವ ಕೊರಮೀನೆಂದರೆ ಆಗದು. "ಅದನ್ನ ಹಿಡ್ಕಂಡು ಹೋಗ್ರಿ ಸಾರ್, ಪುಣ್ಯ ಬರ್ತೈತಿ" ಅನ್ನುವವರೂ ಇದ್ದಾರೆ.