ಮಾಯವಾದ ಡಿಸ್ಕ್ ಸತ್ತಿದೆ ಎನ್ನಬೇಡಿ

“ಸರ್, ಡಿಸ್ಕ್ ಹೋಗಿದೆ. ಹೊಸದು ಹಾಕಿಸಿಬಿಡಿ.”

ಮನೆಯ ಕಂಪ್ಯೂಟರಿನಲ್ಲಿ ನಾಲ್ಕಾರು ಡಿಸ್ಕ್ ಸೇರಿಸಿ ರೇಡ್ ಕಟ್ಟಿಕೊಂಡವರು ಒಂದಲ್ಲ ಒಂದು ದಿನ ಈ ಮಾತು ಕೇಳುತ್ತಾರೆ. ಬೆಳಿಗ್ಗೆ ಯಂತ್ರ ಆನ್ ಮಾಡಿದರೆ ಇಡೀ ಅರೇ, ಅಂದರೆ ಹಾಗೆ ಸೇರಿಸಿದ ಡಿಸ್ಕ್‌ಗಳ ಗುಂಪು, ಕಾಣಿಸುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತದೆ. ವಾರ ಬಿಟ್ಟು ಮತ್ತೆ ಮಾಯ. ಅಂಗಡಿಯವರು ಹೇಳುವುದೂ ಅದೇ, ತಿಳಿದ ಸ್ನೇಹಿತರು ಹೇಳುವುದೂ ಅದೇ: ಡಿಸ್ಕ್ ಬದಲಿಸಿ. ನಾನೂ ಎರಡು ಸಲ ಬದಲಿಸಿದೆ. ಹೀಗೆ ಬಂದು ಹೋಗುವ ಅರೇಗೆ ಮೊದಲ ಮದ್ದಾಗಿ ಹೊಸ ಡಿಸ್ಕ್ ಹಾಕುವುದು ತಪ್ಪು ಎಂದು ಈಗ ಖಚಿತವಾಗಿ ಹೇಳುತ್ತೇನೆ. ದುಡ್ಡು ಹೋಗುವುದು ಅದರಲ್ಲಿ ಸಣ್ಣ ನಷ್ಟ. ಚೆನ್ನಾಗಿಯೇ ಇದ್ದ ಮಾಹಿತಿ ಕಳೆದುಹೋಗುವುದು ದೊಡ್ಡ ನಷ್ಟ.

ಸತ್ತದ್ದು ಮರಳಿ ಬರುವುದಿಲ್ಲ. ಮೋಟಾರ್ ಕೆಟ್ಟ ಡಿಸ್ಕ್, ಹೆಡ್ ಮುರಿದ ಡಿಸ್ಕ್ ನಾಳೆ ಬೆಳಿಗ್ಗೆ ಎದ್ದು ಕೂರುವುದಿಲ್ಲ. ಹೋಗಿ ಬರುತ್ತಿದೆ ಎಂದರೆ ಡಿಸ್ಕ್‌ಗೂ ಯಂತ್ರಕ್ಕೂ ನಡುವಿನ ದಾರಿಯಲ್ಲೇ ಏನೋ ಆಗುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಇದು ನನ್ನೊಬ್ಬನ ಅನುಭವವೂ ಅಲ್ಲ. 2008ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ನೆಟ್‌ಆ್ಯಪ್ ಕಂಪನಿಯವರ ಜೊತೆ ಸೇರಿ ಸುಮಾರು 39,000 ಸ್ಟೋರೇಜ್ ವ್ಯವಸ್ಥೆಗಳ, 18 ಲಕ್ಷ ಡಿಸ್ಕ್‌ಗಳ ದಾಖಲೆ ಪರಿಶೀಲಿಸಿದರು. ವ್ಯವಸ್ಥೆ ಕೈಕೊಟ್ಟ ಸಂದರ್ಭಗಳಲ್ಲಿ ಡಿಸ್ಕ್‌ನದೇ ತಪ್ಪಿದ್ದದ್ದು ಶೇ. 20ರಿಂದ 55. ಕೇಬಲ್, ಪವರ್, ಜೋಡಣೆಗಳ ಪಾಲು ಶೇ. 27ರಿಂದ 68. ಅವು ದೊಡ್ಡ ಸಂಸ್ಥೆಗಳ ಯಂತ್ರಗಳು, ನಿಜ. ಅಷ್ಟು ಕಾಳಜಿಯಿಂದ ಜೋಡಿಸಿದ ಕಡೆಯೇ ಹೀಗಾದರೆ, ಕ್ಯಾಬಿನೆಟ್ಟಿನ ಮೂಲೆಯಲ್ಲಿ ಇಕ್ಕಟ್ಟಾಗಿ ತುರುಕಿದ ನಮ್ಮ ಮನೆಯ ವೈರುಗಳನ್ನು ಎಷ್ಟು ನಂಬಬಹುದು?

ನಮ್ಮ ಮನೆ ಕುಂದಾಪುರದಲ್ಲಿ. ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತಾಳಮದ್ದಳೆಗಳು, ಮನೆಯ ಫೋಟೋ, ವಿಡಿಯೋಗಳೆಲ್ಲ 4 ಟಿಬಿಯ ನಾಲ್ಕು ಡಿಸ್ಕ್‌ಗಳ ಮೇಲೆ, ಲಿನಕ್ಸ್‌ನಲ್ಲಿ ರೇಡ್ 5 ಆಗಿ ಕೂತಿವೆ. ಅದರಲ್ಲಿ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಎರಡು ಹೋದರೆ ಅರೇ ನಿಲ್ಲುತ್ತದೆ. ಮೊದಲ ಸಲ ಒಂದು ಡಿಸ್ಕ್ ಹೊರಬಿತ್ತು, ಬದಲಿಸಿದೆ. ಮರುಜೋಡಣೆ ಮುಗಿಯಲು ಹತ್ತು ಗಂಟೆ ಹಿಡಿಯಿತು. ಎರಡು ವಾರದೊಳಗೆ ಇನ್ನೊಂದು ಬಿತ್ತು, ಅದನ್ನೂ ಬದಲಿಸಿದೆ. ಮೂರನೆಯ ಸಲ ಆ ಎರಡೂ ಹೊಸ ಡಿಸ್ಕ್‌ಗಳು ಒಟ್ಟಿಗೇ ಹೋದವು. “ಹೊಸದಾಗಿ ಅರೇ ಕ್ರಿಯೇಟ್ ಮಾಡೋಣ” ಎಂದರು ಅಂಗಡಿಯವರು. ಕ್ರಿಯೇಟ್ ಎಂದರೆ ಹಳೆಯ ಗುರುತನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುವುದು. ಬೇಡ ಎಂದು ಯಂತ್ರವನ್ನು ಮನೆಗೆ ತಂದೆ.

ಲಾಗ್ ತೆಗೆದು ನೋಡಿದಾಗ ಕಂಡದ್ದು ಇಷ್ಟು: ಎರಡು ಡಿಸ್ಕ್‌ಗಳೂ ಒಂದೇ ಸೆಕೆಂಡಿನಲ್ಲಿ ಮರೆಯಾಗಿವೆ. ಎರಡು ಡಿಸ್ಕ್ ಒಂದೇ ಸೆಕೆಂಡಿನಲ್ಲಿ ತಾವಾಗಿ ಸಾಯುವುದು ಎಲ್ಲೋ ಅಪರೂಪ. ಹಾಗಾದರೆ ಆ ಎರಡಕ್ಕೆ ಮಾತ್ರ ಸೇರಿದ್ದು, ಉಳಿದೆರಡಕ್ಕೆ ಇಲ್ಲದ್ದು ಏನಿದೆ? ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಎಲ್ಲ ಉತ್ತರವೂ ಇದರಲ್ಲೇ ಇತ್ತು.

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಅದಕ್ಕೆ ಹೆಸರು. ಅದರಲ್ಲಿ 5 ಮತ್ತು 197ನೇ ಸಾಲುಗಳು ಡಿಸ್ಕ್‌ನ ಮೈಮೇಲಿನ ಗಾಯಗಳ ಲೆಕ್ಕ. ನಾಲ್ಕರಲ್ಲೂ ಸೊನ್ನೆ. ಡೇಟಾ ಕೇಬಲ್ಲಿನ ದೋಷ ಹೇಳುವ 199ನೇ ಸಾಲಿನಲ್ಲೂ ಏನಿಲ್ಲ. ಆದರೆ ಹಠಾತ್ತನೆ ಕರೆಂಟ್ ಹೋದದ್ದನ್ನು ಎಣಿಸುವ 192ನೇ ಸಾಲು ಬೇರೆಯೇ ಕಥೆ ಹೇಳಿತು. ವರ್ಷಗಟ್ಟಲೆ ಓಡಿದ ಹಳೆಯ ಎರಡು ಡಿಸ್ಕ್‌ಗಳಲ್ಲಿ ಅದು 4. ಕೊಂಡು ಎರಡು ತಿಂಗಳೂ ಆಗದ ಹೊಸವುಗಳಲ್ಲಿ 31. ಯಂತ್ರ ಓಡುತ್ತಿರುವಾಗಲೇ ಆ ಎರಡಕ್ಕೆ ಮಾತ್ರ ಕರೆಂಟ್ ತಪ್ಪುತ್ತಿತ್ತು!

ಮುಚ್ಚಳ ತೆಗೆದೆ. ಪವರ್ ಕೊಡುವ ಎಸ್‌ಎಂಪಿಎಸ್‌ನಿಂದ ಬಂದ ಒಂದು ಮೋಲೆಕ್ಸ್ ತುದಿಗೆ ಒಂದು ಕವಲು ವೈರು ಸಿಕ್ಕಿಸಿ, ಅದರಿಂದ ಎರಡು ಡಿಸ್ಕ್‌ಗೆ ಪವರ್ ಕೊಟ್ಟಿದ್ದರು. ಹಳದಿ ವೈರು 12 ವೋಲ್ಟಿನದು. ಅದು ಸೇರುವಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಅಲುಗಿಸಿದರೆ ಪಿನ್ನು ಒಳಗೇ ಆಡುತ್ತಿತ್ತು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಹೆಚ್ಚುಕಡಿಮೆ 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ ಆ ಸಡಿಲ ಪಿನ್ನಿನ ಗತಿ ಏನು?

ಇಲ್ಲಿ ಡಿಸ್ಕ್ ಬದಲಿಸುವುದರ ನಿಜವಾದ ಅಪಾಯ ಹೇಳಬೇಕು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ರೇಡ್ ಬಗ್ಗೆ ಬರೆದಾಗ ಅವರ ಕಣ್ಣಮುಂದೆ ಇದ್ದದ್ದು ಡಿಸ್ಕ್‌ನ ಸಾವು. ಒಂದು ಸತ್ತರೆ ಉಳಿದವು ಅದರ ಪಾಲನ್ನು ಲೆಕ್ಕ ಹಾಕಿ ಕೊಡುತ್ತವೆ. ಹೋಗಿ ಬರುವ ಡಿಸ್ಕ್ ಮಾತ್ರ ಈ ಲೆಕ್ಕವನ್ನು ಕೆಡಿಸುತ್ತದೆ. ಅದು ಮರಳುವಷ್ಟರಲ್ಲಿ ಉಳಿದವು ಮುಂದೆ ಹೋಗಿರುತ್ತವೆ, ಹಿಂದುಳಿದದ್ದನ್ನು ಅರೇ ಒಳಗೆ ಸೇರಿಸುವುದಿಲ್ಲ. ಆಗ ಹೊಸ ಡಿಸ್ಕ್ ಹಾಕಿ ಮರುಜೋಡಣೆ ಶುರು ಮಾಡಿದರೆ ಉಳಿದ ಮೂರೂ ಡಿಸ್ಕ್ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ಆ ಹೊತ್ತಿನಲ್ಲಿ ಅದೇ ಸಡಿಲ ವೈರಿನಲ್ಲಿರುವ ಇನ್ನೊಂದು ಡಿಸ್ಕ್ ಬಿದ್ದರೆ ಕಾಯುವವರು ಯಾರೂ ಇರುವುದಿಲ್ಲ. ನಾನು ಎರಡು ಸಲ ಆ ಅಂಚಿನ ಮೇಲೆ ನಡೆದು ಬಂದಿದ್ದೇನೆ.

ಹಾಗೆಂದು ಡಿಸ್ಕ್ ಎಂದೂ ನಿರಪರಾಧಿ ಎನ್ನಲಾರೆ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್ ಓದಲಾಗದ ಜಾಗ ಸಿಕ್ಕರೆ ನಿಮಿಷಗಟ್ಟಲೆ ಪಟ್ಟು ಹಿಡಿದು ಯತ್ನಿಸಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡ್. ಆಮೇಲೆ ಡಿಸ್ಕ್ ಉತ್ತರಿಸುತ್ತಿಲ್ಲವೆಂದು ಹೊರಗಟ್ಟುತ್ತದೆ. 197ನೇ ಸಾಲು ಏರುತ್ತಿದ್ದರೆ ಆ ಡಿಸ್ಕ್ ನಿಜಕ್ಕೂ ಹೋಗುವ ಹಾದಿಯಲ್ಲಿದೆ, ಬದಲಿಸಬೇಕು. ಆದರೆ “ದುಬಾರಿ ನ್ಯಾಸ್ (ನೆಟ್‌ವರ್ಕ್ ಸ್ಟೋರೇಜ್) ಡಿಸ್ಕ್ ತಗೊಂಡರೆ ಈ ತಾಪತ್ರಯ ಇಲ್ಲ” ಎಂಬ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ನ್ಯಾಸ್ ಡಿಸ್ಕ್‌ಗಳಲ್ಲಿ, ಬರೆಯುವಾಗ ನಿಧಾನವಾಗುವ ಎಸ್‌ಎಂಆರ್ ತಂತ್ರವನ್ನು ಗ್ರಾಹಕರಿಗೆ ಹೇಳದೆ ಬಳಸಿದ್ದು 2020ರಲ್ಲಿ ಬಯಲಾಯಿತು. ಮರುಜೋಡಣೆಯಲ್ಲಿ ಅವು ಹೊರಬೀಳುತ್ತಿವೆ ಎಂದು ಕೊಂಡವರು ದೂರಿದ್ದರು.

ಮದರ್‌ಬೋರ್ಡ್‌ನ ರೇಡ್ ಬಳಸುವವರಿಗೆ ಇನ್ನೊಂದು ಮಾತು. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುವುದು ನಮ್ಮ ಮನೆಗಳ ರೂಢಿ. ಆಗ ಬೋರ್ಡಿನ ಗಡಿಯಾರವನ್ನು ನಡೆಸುವುದು ನಾಣ್ಯದಂಥ ಸಿಆರ್2032 ಬ್ಯಾಟರಿ ಒಂದೇ. ಅದು ಬರಿದಾದರೆ ಹಲವು ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಮೊದಲಿನಂತಾಗಿ, ‘ರೇಡ್’ ಎಂದಿದ್ದದ್ದು ‘ಎಎಚ್‌ಸಿಐ’ ಆಗುತ್ತದೆ, ಅರೇ ಕಾಣಿಸುವುದಿಲ್ಲ. ಡಿಸ್ಕ್ ಇನಿಷಿಯಲೈಸ್ ಮಾಡಲೇ ಎಂದು ವಿಂಡೋಸ್ ಕೇಳಬಹುದು. ಬೇಡ ಎನ್ನಿ. ಸೆಟ್ಟಿಂಗ್ ಸರಿಮಾಡಿ, ಬ್ಯಾಟರಿ ಬದಲಿಸಿ.

ನಾನು ಕವಲು ವೈರು ಕಿತ್ತೆ, ಎಸ್‌ಎಂಪಿಎಸ್‌ನ ಸ್ವಂತ ಸಾಟಾ ತುದಿಗಳನ್ನೇ ನಾಲ್ಕಕ್ಕೂ ಕೊಟ್ಟೆ. ಅರೇಯನ್ನು ಹೊಸದಾಗಿ ಕ್ರಿಯೇಟ್ ಮಾಡದೆ ಇದ್ದದ್ದನ್ನೇ ಜೋಡಿಸಿದೆ. ತಾಳಮದ್ದಳೆ ಒಂದೂ ಹೋಗಿರಲಿಲ್ಲ. ಆಮೇಲೆ ಒಂದು ಮಳೆಗಾಲ ಪೂರ್ತಿ ಕಳೆದಿದೆ, ಅರೇ ಒಮ್ಮೆಯೂ ಮಾಯವಾಗಿಲ್ಲ. ಅಂಗಡಿಯವರು ಸತ್ತಿವೆ ಎಂದು ಹೊರಗಿಟ್ಟ ಹಳೆಯ ಎರಡು ಡಿಸ್ಕ್‌ಗಳನ್ನು ಪೂರ್ಣ ಪರೀಕ್ಷೆಗೆ ಹಾಕಿದೆ. ಎರಡೂ ದೋಷವಿಲ್ಲದೆ ಪಾಸಾದವು. ಈಗ ಅವು ಹಾಸನದಲ್ಲಿ ತಂಗಿಯ ಮನೆಯ ಬೀರುವಿನಲ್ಲಿವೆ, ಒಂದೊಂದರಲ್ಲೂ ಅದೇ ತಾಳಮದ್ದಳೆಗಳ ಪೂರ್ತಿ ಪ್ರತಿ ಇದೆ.