ರೇಷ್ಮೆ ಬೇಡಿ, ಕಬ್ಬಿಣದ ಬೇಡಿ

ಹದಿನೆಂಟನೇ ಶತಮಾನದ ಇಂಗ್ಲಿಷ್ ಕವಿಗಳು ಮನಸ್ಸಿನ ಮಾತೆತ್ತಿದರೆ ಸಾಕು, ಅಲ್ಲೊಂದು ಆಸ್ಥಾನ ಕಟ್ಟಿಬಿಡುತ್ತಾರೆ. ವಿವೇಕ ಗದ್ದುಗೆಯ ಮೇಲೆ, ಭಾವೋದ್ರೇಕಗಳು ಕೆಳಗೆ. ಆಳು ತಲೆಯೆತ್ತಿದರೆ ದಂಗೆ, ಒಡೆಯ ಸೋತರೆ ಗುಲಾಮಗಿರಿ. ಅಲೆಕ್ಸಾಂಡರ್ ಪೋಪ್ ಇವರಲ್ಲಿ ಜಾಣ. ‘ಎಸ್ಸೆ ಆನ್ ಮ್ಯಾನ್’ (1733-34) ಕಾವ್ಯದಲ್ಲಿ ವಿವೇಕವನ್ನು ದುರ್ಬಲ ರಾಣಿ ಮಾಡಿ, ಅವಳ ಮೆಚ್ಚಿನ ಆಸ್ಥಾನಿಕನ ಕೈಗೆ ರಾಜ್ಯ ಕೊಟ್ಟ. ಇನ್ನೊಂದು ಕಡೆ ಬದುಕು ಸಮುದ್ರಯಾನ. ವಿವೇಕ ದಿಕ್ಸೂಚಿ, ಉದ್ರೇಕ ಗಾಳಿ. ಚೆನ್ನಾಗೇ ಐತೆ. ಗಾಳಿಯಿಲ್ಲದೆ ಹಡಗು ಹೊರಡೋದಿಲ್ಲ ಅನ್ನೋ ಮಾತು ನೀತಿಬೋಧಕರ ಬಾಯಿ ಮುಚ್ಚಿಸುವಂಥದ್ದೇ.

ಆದರೆ ಆ ಕಾಲದ ನಿಜವಾದ ಹಡಗುಗಳ ಹೊಟ್ಟೆಯಲ್ಲಿ ಏನಿತ್ತು? 1713ರ ಉಟ್ರೆಕ್ಟ್ ಸಂಧಾನದಲ್ಲಿ, ಸ್ಪೇನಿನ ಅಮೆರಿಕನ್ ವಸಾಹತುಗಳಿಗೆ ವರ್ಷಕ್ಕೆ 4,800ರ ಲೆಕ್ಕದಲ್ಲಿ ಆಫ್ರಿಕನ್ನರನ್ನು ಸಾಗಿಸುವ ಗುತ್ತಿಗೆ ಬ್ರಿಟನ್ನಿಗೆ ಸಿಕ್ಕಿತು. ಅದೇ ವರ್ಷ ಅಚ್ಚಾದ ‘ವಿಂಡ್ಸರ್ ಫಾರೆಸ್ಟ್’ನಲ್ಲಿ ಪೋಪ್ ಆ ಶಾಂತಿಯನ್ನು ಹಾಡಿ ಹೊಗಳಿದ. ಗುಲಾಮಗಿರಿ ಇಲ್ಲದ ಕಾಲ ಬರಲಿ ಅಂತ ಅದರಲ್ಲೇ ಹಾರೈಸಿದ ಕೂಡ! ಹಾರೈಕೆ ಪ್ರಾಮಾಣಿಕವೇ ಇರಬಹುದು. ಗುತ್ತಿಗೆಯೂ ಇತ್ತು.

ಈಗ ಫಿಲಿಸ್ ವೀಟ್ಲಿಯನ್ನು ಓದಿ ಸ್ವಾಮಿ. 1761ರಲ್ಲಿ, ಏಳೆಂಟು ವರ್ಷದ ಕೂಸು, ಆಫ್ರಿಕದಿಂದ ಬಾಸ್ಟನ್ನಿಗೆ ಬಂದು ಮಾರಾಟವಾದವಳು. ಹೊತ್ತು ತಂದ ಹಡಗಿನ ಹೆಸರೇ ಇವಳ ಹೆಸರು, ಕೊಂಡ ಒಡೆಯನ ಮನೆತನವೇ ಇವಳ ಮನೆತನ. 1773ರಲ್ಲಿ ಲಂಡನ್ನಿನಲ್ಲಿ ಇವಳ ಪುಸ್ತಕ ಬಂದಾಗ, ಪದ್ಯಗಳು ಇವಳವೇ ಅಂತ ಬಾಸ್ಟನ್ನಿನ 18 ಮಂದಿ ದೊಡ್ಡ ಮನುಷ್ಯರು ರುಜು ಹಾಕಬೇಕಾಯಿತು. ಮನಸ್ಸಿದೆ ಅನ್ನೋದಕ್ಕೇ ಸಾಕ್ಷಿ! ಪೋಪ್‌ನನ್ನು ಯಾರು ಕೇಳಿದ್ದರು?

ಆ ಪುಸ್ತಕದ ‘ಆನ್ ಇಮ್ಯಾಜಿನೇಷನ್’ ಪದ್ಯದಲ್ಲೂ ಅದೇ ಆಸ್ಥಾನ. ರಾಣಿ ಮಾತ್ರ ವಿವೇಕವಲ್ಲ, ಕಲ್ಪನೆ. ಇಷ್ಟದ ವಸ್ತುವೊಂದು ಇಂದ್ರಿಯಗಳಿಗೆ ರೇಷ್ಮೆ ಬೇಡಿ ತೊಡಿಸುತ್ತದೆ, ಮನಸ್ಸು ಮೆತ್ತಗೆ ಸೆರೆಯಾಗುತ್ತದೆ. ಒಲವಿನ ಬೇಡಿ ಅನ್ನೋದು ಕವಿಗಳು ಚಲಾಯಿಸಿ ಸವೆಸಿದ್ದ ನಾಣ್ಯ. ಗುಲಾಮರ ಹಡಗಿನಿಂದ ಇಳಿದವಳ ಕೈಯಲ್ಲಿ ಅದರ ತೂಕವೇ ಬೇರೆ. ಬೇಡಿ ರೇಷ್ಮೆಯದು ಅಂತ ಅವಳು ಹೇಳುವಾಗ, ರೇಷ್ಮೆಯದಲ್ಲದ್ದನ್ನೂ ಬಲ್ಲವಳು ಹೇಳುತ್ತಿದ್ದಾಳೆ. ಇವಳು ಸಾಧು, ಬಿಳಿಯರ ಅನುಕರಣೆ ಅಂತ 1960ರ ದಶಕದ ಕೆಲವು ಕಪ್ಪು ಲೇಖಕರೇ ಪಕ್ಕಕ್ಕೆ ಸರಿಸಿದರು. ಅವರ ಸಿಟ್ಟು ಅರ್ಥವಾಗುತ್ತೆ, ತೀರ್ಪು ಒಪ್ಪೋಕಾಗಲ್ಲ. ಪದ್ಯದ ಕೊನೆ ನೋಡಿ: ಚಳಿಗಾಲ ಬರುತ್ತದೆ, ಉತ್ತರದ ಬಿರುಗಾಳಿಗೆ ಒಳಗಿನ ಬೆಂಕಿ ಮಂಕಾಗುತ್ತದೆ, ಹಾಡು ನಿಲ್ಲುತ್ತದೆ. ಇದು ಪುಸ್ತಕದಿಂದ ಕಲಿತ ಚಳಿಯಲ್ಲ.

ಬಿಡುಗಡೆಯಾದ ಮೇಲೆ, 1774ರಲ್ಲಿ, ಮೊಹೀಗನ್ ಬುಡಕಟ್ಟಿನ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಅವಳು ಬರೆದ ಕಾಗದ ಪತ್ರಿಕೆಗಳಲ್ಲಿ ಅಚ್ಚಾಯಿತು. ಸ್ವಾತಂತ್ರ್ಯದ ಹಂಬಲವನ್ನು ದೇವರು ಪ್ರತಿ ಮನುಷ್ಯನ ಎದೆಯಲ್ಲೂ ನೆಟ್ಟಿದ್ದಾನೆ, ಅದು ದಬ್ಬಾಳಿಕೆ ತಾಳದು ಅನ್ನುತ್ತಾಳೆ. ಆ ಎದೆಯಲ್ಲಿ ರಾಣಿಯೂ ಇಲ್ಲ, ಗದ್ದುಗೆಯೂ ಇಲ್ಲ.