ತಲೆಯ ಅಳತೆಯೂ ಅರಿವಿನ ಅಳತೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ೧೯೫೩ರವರೆಗೆ ಅದು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿನ ಆಡಳಿತದಲ್ಲಿತ್ತು. ಮದರಾಸು ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ಕುರಿತು ೧೯೦೯ರಲ್ಲಿ ಏಳು ಸಂಪುಟಗಳನ್ನು ಹೊರತಂದನು. ಈ ಸೀಮೆಯ ಬೇಡರ, ಕುರುಬರ ಆಚಾರಗಳನ್ನು ಅರಿಯಬಯಸುವವರಿಗೆ ಆ ಗ್ರಂಥ ಇಂದಿಗೂ ಬೇಕಾದದ್ದೇ. ಅದರ ಅಳತೆಯ ಅಂಕಿಗಳ ವಿಷಯ ಬೇರೆ.

ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಬಂದ ಸಂಖ್ಯೆಯನ್ನು ಥರ್ಸ್ಟನ್ ಒಂದೊಂದು ಜಾತಿಯ ಹೆಸರಿನ ಮುಂದೆ ಬರೆದನು. ಮೈಸೂರು ಸೀಮೆಯಲ್ಲಿ ಜನ ಆತನನ್ನು ದಕ್ಷಿಣ ಆಫ್ರಿಕಕ್ಕೆ ಆಳು ಹಿಡಿಯಲು ಬಂದವನೆಂದು ತಿಳಿದು ಊರಿಂದೂರಿಗೆ ಓಡಿದರು. ಅಳತೆಗಾಗಿ ಮುಖಕ್ಕಿಟ್ಟ ಬಿಳಿಬಣ್ಣದ ಬೊಟ್ಟು ಬೊಕ್ಕೆಯೆದ್ದು ಅಂಕಿಯಾಗುವುದೆಂದು ಹೆದರಿದರು. ಇದನ್ನು ಆತನೇ ವಿನೋದವಾಗಿ ದಾಖಲಿಸಿದ್ದಾನೆ. ಓಡಿದವರಿಗೆ ಅದು ವಿನೋದವಾಗಿರಲಿಲ್ಲ.

ಆತ ಬುದ್ಧಿಯನ್ನು ಅಳೆದೆನೆಂದು ಹೇಳಲಿಲ್ಲ, ಜನಾಂಗದ ಗುರುತನ್ನು ಹುಡುಕಿದನು. ಆ ಅನುಪಾತದಿಂದ ಮಿದುಳಿನ ಗಾತ್ರವೂ ತಿಳಿಯದು. ಆದರೆ ಜಾತಿಗೊಂದು ಅಂಕಿ ಬಿದ್ದ ಮೇಲೆ ಮೇಲುಕೀಳಿನ ಮಾತು ಹುಟ್ಟದಿರುವುದಿಲ್ಲ. ಅಂಥ ಮಾತಿಗೆ ವಿಕಾಸವಾದವನ್ನೇ ಸಾಕ್ಷಿಗೆ ಕರೆಯುವವರಿದ್ದಾರೆ: ಮಿದುಳು ಬೆಳೆದಂತೆ ಮನುಷ್ಯ ಮೇಲೇರಿದನು, ಆದ್ದರಿಂದ ದೊಡ್ಡ ತಲೆಯೇ ಹಿರಿಯ ತಲೆ ಎಂಬ ತರ್ಕ.

ಮೊದಲರ್ಧ ನಿಜ. ಆಸ್ಟ್ರಲೋಪಿಥೆಕಸ್ ಜೀವಿಯ ಮಿದುಳು ಸುಮಾರು ೪೫೦ ಘನ ಸೆಂಟಿಮೀಟರ್. ಇಂದಿನ ಮನುಷ್ಯನದು ಸರಾಸರಿ ೧೩೫೦. ಎರಡನೆಯ ಅರ್ಧ ನಿಲ್ಲುವುದಿಲ್ಲ. ಅಳಿದುಹೋದ ನಿಯಾಂಡರ್ತಲ್ ಮಾನವನ ಮಿದುಳು ನಮ್ಮದಕ್ಕಿಂತ ಕಿರಿದಾಗಿರಲಿಲ್ಲ. ೨೦೦೪ರಲ್ಲಿ ಪ್ರಕಟವಾದ ಇಂಡೊನೇಷ್ಯದ ಫ್ಲೋರೆಸ್ ದ್ವೀಪದ ಕುಳ್ಳ ಮಾನವನಿಗೆ ಇದ್ದದ್ದು ಸುಮಾರು ೪೦೦ ಘನ ಸೆಂಟಿಮೀಟರ್. ಅದೇ ಗುಹೆಯಲ್ಲಿ ಕಲ್ಲಿನ ಆಯುಧಗಳೂ ದೊರೆತವು. ಈಚಿನವರಲ್ಲಿ ರಷ್ಯದ ತುರ್ಗೆನೆವನ ಮಿದುಳು ಎರಡು ಕಿಲೋಗ್ರಾಂ ತೂಗಿತು, ನೊಬೆಲ್ ಪುರಸ್ಕೃತ ಅನಾತೋಲ್ ಫ್ರಾನ್ಸನದು ಒಂದು ಕಿಲೋಗ್ರಾಂ. ಇಬ್ಬರೂ ಶ್ರೇಷ್ಠ ಕಥೆಗಾರರೇ! ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ವಿಂಗಡಣೆಯನ್ನು ಬಲ್ಲ ಓದುಗರಿಗೆ ಇದು ಹೊಸತಲ್ಲ. ಅಲ್ಲಿ ಗರ್ಭಜ ಮನುಷ್ಯರೆಲ್ಲರೂ ಸಂಜ್ಞಿ ಪಂಚೇಂದ್ರಿಯರು. ತಲೆಯ ಗಾತ್ರದಿಂದ ಆ ಮೆಟ್ಟಿಲನ್ನು ಮತ್ತೆ ಒಡೆಯಲು ಎಡೆಯಿಲ್ಲ.

ಪ್ರಾಚೀನರ ಅರಿವನ್ನು ತಿಳಿಯಲು ಬುರುಡೆಯೊಂದೇ ದಾರಿಯೂ ಅಲ್ಲ. ನರ್ಮದಾ ತೀರದ ಹಥನೋರಾದಲ್ಲಿ ೧೯೮೨ರಲ್ಲಿ ದೊರೆತ ತಲೆಬುರುಡೆ ಮುರಿದಿದ್ದರಿಂದ ಅದರ ಗಾತ್ರದ ಅಂದಾಜು ೧೧೫೫ರಿಂದ ೧೪೨೧ರವರೆಗೆ ಹೊಯ್ದಾಡುತ್ತದೆ. ಕರ್ನಾಟಕದ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಅಗೆಸಿದ, ಸುಮಾರು ಹನ್ನೆರಡು ಲಕ್ಷ ವರ್ಷ ಹಳೆಯದೆಂದು ಗಣಿಸಲಾದ ನೆಲೆಯಲ್ಲಿ ಮನುಷ್ಯರ ಬುರುಡೆಯೇ ಇಲ್ಲ. ಇರುವುದು ಸುಣ್ಣಕಲ್ಲಿನ ಹಾಸು, ಅದರಿಂದ ಆಯ್ದ ಗುಂಡು, ಅರ್ಧಕ್ಕೆ ಬಿಟ್ಟ ಕೈಗೊಡಲಿ, ಸುತ್ತ ಚೆದುರಿದ ಚಕ್ಕೆ. ಯಾವ ಕಲ್ಲನ್ನು ಆರಿಸಿದರು, ಯಾವ ಅಂಚಿಗೆ ಮೊದಲು ಹೊಡೆದರು, ಎಲ್ಲಿ ಕೈಬಿಟ್ಟರು ಎಂಬುದನ್ನು ಆ ಚಕ್ಕೆಗಳಲ್ಲಿ ಓದಬಹುದು.